ನುಂಗಿದ ಮಾತ್ರೆ ಮಂಡಿ ತನಕ ಹೋಗುತ್ತಾ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೀಲುನೋವಿನವು, ಅದರಲ್ಲೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವು. ಒಬ್ಬೊಬ್ಬರು ಒಂದೊಂದು ಮಾತ್ರೆ, ಪುಡಿಯ ಹೆಸರು ಬರೆದಿದ್ದಾರೆ. ಕೇಳಿರುವುದು ಮಾತ್ರ ಹೆಚ್ಚುಕಮ್ಮಿ ಒಂದೇ. ದುಡ್ಡು ಕೊಟ್ಟು ನುಂಗುತ್ತಿದ್ದೇವೆ, ನೋವಿರುವ ಜಾಗಕ್ಕೆ ಅದು ಹೋಗುತ್ತಾ? ತುಂಬಾ ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಸಂಚಿಕೆಯ ಪುಟವನ್ನೆಲ್ಲ ಇದಕ್ಕೇ ಇಟ್ಟಿದ್ದೇನೆ. ಹೆಸರು ಬೇಡ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೆ.

ಪ್ರಶ್ನೆ: ಡಾಕ್ಟರೇ, ನನಗೆ 61 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿದ್ದೇನೆ. ಎಕ್ಸ್‌ರೇ ನೋಡಿ ಎರಡೂ ಮಂಡಿ ಸವೆದಿದೆ ಅಂದರು. ನಾಲ್ಕು ತಿಂಗಳಿಂದ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಸೇರಿರುವ ಮಾತ್ರೆ ತಗೊಳ್ತಿದ್ದೇನೆ. ತಿಂಗಳಿಗೆ ಸಾವಿರ ರೂಪಾಯಿ ಹತ್ತಿರ ಆಗುತ್ತೆ. ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ ಅಂತ ಮೆಡಿಕಲ್ ಸ್ಟೋರ್‌ನವರು ಹೇಳ್ತಾರೆ. ಹೊಟ್ಟೆಗೆ ಹೋದದ್ದು ಮಂಡಿಗೆ ಹೇಗೆ ಹೋಗುತ್ತೆ ಅನ್ನೋದೇ ನನಗೆ ಅರ್ಥವಾಗಿಲ್ಲ. ಮುಂದುವರಿಸಲೋ ಬಿಡಲೋ?
— ತಿಪಟೂರು

ಉತ್ತರ: ಮೇಷ್ಟ್ರೇ, ಮೊದಲು ದಾರಿ ನೋಡೋಣ, ಆಮೇಲೆ ಬಿಡುವ ಮಾತು.

ಗ್ಲುಕೋಸಮೈನ್ ಅಂದರೆ ಸಕ್ಕರೆಯ ಜಾತಿಗೇ ಸೇರಿದ ಒಂದು ಚಿಕ್ಕ ಕಣ. ನಮ್ಮ ದೇಹವೇ ಇದನ್ನು ಗ್ಲೂಕೋಸಿನಿಂದ ಮಾಡಿಕೊಳ್ಳುತ್ತದೆ. ಮಾತ್ರೆಯಲ್ಲಿರುವುದು ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು. ಕಣ ಚಿಕ್ಕದಾದ್ದರಿಂದ ಸಣ್ಣ ಕರುಳು ಅದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ನುಂಗಿದ್ದರಲ್ಲಿ ನೂರಕ್ಕೆ 90ರಷ್ಟು ಕರುಳಿನ ಗೋಡೆ ದಾಟುತ್ತದೆ ಎಂಬ ಲೆಕ್ಕವಿದೆ. ಜಾಹೀರಾತಿನವರು ಹಿಡಿದುಕೊಳ್ಳುವುದು ಈ 90ನ್ನೇ. ಆದರೆ ಕರುಳಿನಿಂದ ಹೊರಟ ರಕ್ತ ನೇರವಾಗಿ ಮಂಡಿಗೆ ಹೋಗುವುದಿಲ್ಲ, ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಅದರಲ್ಲಿ ಬಹುಪಾಲನ್ನು ತನ್ನ ಕೆಲಸಕ್ಕೆ ಬಳಸಿಕೊಂಡು ಒಡೆದುಹಾಕುತ್ತದೆ. ಅಲ್ಲಿಂದ ಪಾರಾಗಿ ಮೈಯೆಲ್ಲ ಸುತ್ತುವ ರಕ್ತಕ್ಕೆ ಸೇರುವುದು ನುಂಗಿದ್ದರ ಕಾಲು ಭಾಗದ ಆಸುಪಾಸು.

ಆ ಕಾಲು ಭಾಗವೂ ಮಂಡಿಯದ್ದಲ್ಲ, ಇಡೀ ಮೈಗೆ ಹಂಚಿಹೋಗುತ್ತದೆ. ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟಾಗ ಕೊನೆಯ ಭಾಗದ ತೋಟಕ್ಕೆ ಎಷ್ಟು ಬರುತ್ತದೆ ಎಂದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ. ಮಂಡಿಯ ಕಾರ್ಟಿಲೇಜ್ ಅಂಥ ಕೊನೆಯ ತೋಟ. ಮೂಳೆಯ ತುದಿಗೆ ಅಂಟಿಕೊಂಡಿರುವ ಈ ನುಣುಪಾದ ಪದರಕ್ಕೆ ತನ್ನದೇ ರಕ್ತನಾಳ ಇಲ್ಲವೇ ಇಲ್ಲ. ಕೀಲಿನ ಒಳಗಿರುವ ನೀರಿನಿಂದಲೇ ಅದು ಬೇಕಾದ್ದನ್ನು ಹೀರಿಕೊಳ್ಳಬೇಕು. ಕಾಲ ಮೇಲೆ ಭಾರ ಬಿದ್ದಾಗ ಆ ಪದರದೊಳಗಿನ ನೀರು ಹೊರಕ್ಕೆ ಬರುತ್ತದೆ, ಭಾರ ಇಳಿದಾಗ ಮತ್ತೆ ಒಳಕ್ಕೆ ಹೋಗುತ್ತದೆ. ಅಂದರೆ ನೀವು ನಡೆದರೆ ಮಾತ್ರ ಅದಕ್ಕೆ ಊಟ. ನೋವು ಅಂತ ದಿನಪೂರ್ತಿ ಕುರ್ಚಿಯಲ್ಲೇ ಕೂತವರ ಮಂಡಿಗೆ ಎಷ್ಟು ದುಬಾರಿ ಮಾತ್ರೆ ಹಾಕಿದರೂ ಈ ಕೊನೆಯ ದಾರಿ ಅರ್ಧ ಮುಚ್ಚಿದಂತೆಯೇ.

ಹಾಗಾದರೆ ಏನೂ ತಲುಪುವುದಿಲ್ಲವೇ? ತಲುಪುತ್ತದೆ. ದಿನಕ್ಕೆ 1500 ಮಿಲಿಗ್ರಾಂ ತಗೊಂಡವರ ಮಂಡಿಯ ನೀರು ತೆಗೆದು ನೋಡಿದ್ದಾರೆ, ಅದರಲ್ಲಿ ಗ್ಲುಕೋಸಮೈನ್ ಸಿಕ್ಕಿದೆ, ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ. ತೊಡಕು ಇರುವುದು ಬೇರೆ ಕಡೆ. ಪ್ರಯೋಗಾಲಯದಲ್ಲಿ ಕಾರ್ಟಿಲೇಜಿನ ಜೀವಕೋಶಗಳ ಮೇಲೆ ಗ್ಲುಕೋಸಮೈನ್ ಸುರಿದು ‘ಇದು ಕೆಲಸ ಮಾಡುತ್ತದೆ’ ಎಂದು ತೋರಿಸಿದ ಎಷ್ಟೋ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ, ಮನುಷ್ಯರ ಕೀಲಿನಲ್ಲಿ ಸಿಗುವ ಪ್ರಮಾಣಕ್ಕಿಂತ ಬಹಳ ಪಟ್ಟು ಹೆಚ್ಚು. ಮಾತ್ರೆ ನುಂಗಿ ಆ ಮಟ್ಟ ಮುಟ್ಟಲು ಆಗುವುದಿಲ್ಲ.

ಕಾಂಡ್ರಾಯ್ಟಿನ್‌ನದ್ದು ಇನ್ನೂ ಕಷ್ಟ. ಅದು ಗ್ಲುಕೋಸಮೈನ್‌ಗಿಂತ ಎಷ್ಟೋ ಪಟ್ಟು ದೊಡ್ಡ, ಉದ್ದನೆಯ ಸರಪಳಿ. ದನ, ಹಂದಿ, ಶಾರ್ಕ್ ಮೀನಿನ ಕಾರ್ಟಿಲೇಜಿನಿಂದ ತೆಗೆಯುತ್ತಾರೆ. ಅಷ್ಟು ದೊಡ್ಡದು ಕರುಳಿನ ಗೋಡೆಯನ್ನು ಹಾಗೇ ದಾಟಲಾರದು. ಬಹುಪಾಲು ಕೆಳಗಿನ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ತುಂಡಾಗುತ್ತದೆ. ರಕ್ತಕ್ಕೆ ಸೇರುವುದು ನೂರಕ್ಕೆ 10ರಿಂದ 20 ಅಷ್ಟೇ, ಅದೂ ಹೆಚ್ಚಾಗಿ ತುಂಡುಗಳ ರೂಪದಲ್ಲಿ.

ಈಗ ನೋವಿನ ವಿಷಯ. ಅಮೆರಿಕದಲ್ಲಿ ಸರ್ಕಾರದ ಹಣದಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದಿದೆ. ಮಂಡಿನೋವಿನ 1583 ಮಂದಿಯನ್ನು ಐದು ಗುಂಪು ಮಾಡಿ 24 ವಾರ ನೋಡಿದರು. ಗ್ಲುಕೋಸಮೈನ್ ಒಂದೇ ತಗೊಂಡವರಲ್ಲಿ ನೂರಕ್ಕೆ 64 ಮಂದಿಗೆ, ಕಾಂಡ್ರಾಯ್ಟಿನ್ ತಗೊಂಡವರಲ್ಲಿ 65 ಮಂದಿಗೆ, ಎರಡೂ ತಗೊಂಡವರಲ್ಲಿ ಸುಮಾರು 67 ಮಂದಿಗೆ ನೋವು ಸಾಕಷ್ಟು ಇಳಿಯಿತು. ಚೆನ್ನಾಗಿದೆಯಲ್ಲ ಅನಿಸುತ್ತದೆ, ಅಲ್ವಾ? ಆದರೆ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲೂ 60 ಮಂದಿಗೆ ಇಳಿದಿತ್ತು. ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ತಗೊಂಡವರಲ್ಲಿ 70. ಒಟ್ಟಾರೆ ಲೆಕ್ಕದಲ್ಲಿ ಖಾಲಿ ಮಾತ್ರೆಯನ್ನು ಖಚಿತವಾಗಿ ಮೀರಿದ್ದು ಅದೊಂದೇ. ನೋವು ಜಾಸ್ತಿ ಇದ್ದವರ ಚಿಕ್ಕ ಗುಂಪೊಂದರಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಜೋಡಿಯೂ ಚೆನ್ನಾಗಿ ಕಂಡಿತು. ಆ ಗುಂಪು ತೀರಾ ಚಿಕ್ಕದಾದ್ದರಿಂದ ಅದನ್ನೇ ನಂಬಿ ಕೂರುವ ಹಾಗಿಲ್ಲ.

ನಿಮ್ಮ ಬೀದಿಯಲ್ಲಿ ‘ನನಗೆ ವಾಸಿಯಾಯಿತು’ ಎನ್ನುವವರು ಯಾಕೆ ಸಿಗುತ್ತಾರೆ ಎನ್ನುವುದೂ ಇದರಲ್ಲೇ ಇದೆ. ಮಂಡಿನೋವು ಏರುತ್ತದೆ, ಇಳಿಯುತ್ತದೆ. ಮಾತ್ರೆ ಶುರು ಮಾಡುವುದು ನೋವು ತುಂಬಾ ಏರಿದಾಗ. ಆಮೇಲೆ ಅದು ತಾನಾಗೇ ಇಳಿದರೂ ಹೆಸರು ಮಾತ್ರೆಗೆ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ನೋವು ನಿಜವಾಗಿಯೂ ಇಳಿದಿದೆ.

ಬೆಳೆಯುತ್ತದೆ ಎಂಬ ಮಾತಂತೂ ಬೇಡ. 2001ರಲ್ಲಿ ಪ್ರಕಟವಾದ ಬೆಲ್ಜಿಯಂನ ಮೂರು ವರ್ಷದ ಪರೀಕ್ಷೆಯಲ್ಲಿ ಗ್ಲುಕೋಸಮೈನ್ ಸಲ್ಫೇಟ್ ತಗೊಂಡವರ ಮಂಡಿಯಲ್ಲಿ ಮೂಳೆಗಳ ನಡುವಿನ ಗ್ಯಾಪ್ (ಸವೆದಷ್ಟೂ ಇದು ಕಿರಿದಾಗುತ್ತದೆ) ಕಡಿಮೆಯಾಗುವುದು ನಿಧಾನವಾಯಿತು ಎಂದು ಕಂಡಿತ್ತು. ಸವೆತ ನಿಧಾನವಾಗುವುದು ಬೇರೆ, ಸವೆದದ್ದು ಬೆಳೆಯುವುದು ಬೇರೆ. ಆ ನಿಧಾನವೂ ಆಮೇಲಿನ ಎಲ್ಲ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ತನ್ನ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಇವೆರಡೂ ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ.

ನನ್ನ ಮಾತು ಇಷ್ಟು. ನಾಲ್ಕು ತಿಂಗಳು ತಗೊಂಡಿದ್ದೀರಿ. ಉಪಯೋಗ ಆಗುವುದಿದ್ದರೆ ಇಷ್ಟರಲ್ಲಿ ಗೊತ್ತಾಗಬೇಕಿತ್ತು. ಒಂದು ತಿಂಗಳು ನಿಲ್ಲಿಸಿ ನೋಡಿ. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ ನೋವು ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ವ್ಯತ್ಯಾಸ ಇಲ್ಲದಿದ್ದರೆ ಆ ಸಾವಿರ ರೂಪಾಯಿ ನಿಮ್ಮ ಜೇಬಿನಲ್ಲೇ ಇರಲಿ. ನಿಲ್ಲಿಸಿದ ಮೇಲೆ ನೋವು ನಿಜಕ್ಕೂ ಜಾಸ್ತಿಯಾಯಿತು, ಮಾತ್ರೆಯಿಂದ ಬೇರೆ ತೊಂದರೆ ಇಲ್ಲ ಅಂದರೆ ತಗೊಳ್ಳಿ, ನಾನು ಅಡ್ಡ ಬರುವುದಿಲ್ಲ. ಆದರೆ ದಿನಾ ನಡೆಯುವುದು, ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಸ್ವಲ್ಪ ಹೊತ್ತು ಹಿಡಿದು ಇಳಿಸುವ ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು, ಇವನ್ನು ಮಾತ್ರ ಬಿಡಬೇಡಿ. ಒಂದು ಕಿಲೋ ತೂಕ ಇಳಿದರೆ ಒಂದೊಂದು ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಇದನ್ನು ಅಳೆದೇ ನೋಡಿದ್ದಾರೆ.

ಪ್ರಶ್ನೆ: ನಾನು ರೇಷ್ಮೆ ರೀಲಿಂಗ್ ಕೆಲಸ ಮಾಡ್ತೀನಿ. ಬೆರಳಿನ ಗೆಣ್ಣು, ಮಂಡಿ ಎರಡೂ ನೋವು. ಬೆಳಗ್ಗೆ ಎದ್ದಾಗ ಬೆರಳು ಮಡಚೋಕೇ ಆಗಲ್ಲ. ಮಗಳು ಆನ್‌ಲೈನ್‌ನಲ್ಲಿ ಕೊಲಾಜನ್ ಪುಡಿ ತರಿಸಿ ದಿನಾ ಕುಡಿ ಅಂತಾಳೆ. ನಾವು ಮಾಂಸ ಮೊಟ್ಟೆ ತಿನ್ನಲ್ಲ. ಕುಡಿಯಬಹುದಾ ಮೇಡಂ?
— ಶಿಡ್ಲಘಟ್ಟ

ಉತ್ತರ: ಅಮ್ಮಾ, ಪುಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೆಳಗ್ಗೆ ಬೆರಳು ಬಿಗಿಯಾಗಿರುವುದು ಎಷ್ಟು ಹೊತ್ತು ಇರುತ್ತದೆ? ಸವೆತದ ನೋವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಒಂದು ಗಂಟೆಗೂ ಜಾಸ್ತಿ ಬಿಗಿ, ಎರಡೂ ಕೈಯ ಗೆಣ್ಣುಗಳು ಊದಿಕೊಳ್ಳುವುದು, ಮುಟ್ಟಿದರೆ ನೋವು, ಇವೆಲ್ಲ ಇದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಬೀಳುತ್ತದೆ. ಅದಕ್ಕೆ ಬೇರೆಯದೇ ಔಷಧವಿದೆ, ಬೇಗ ಶುರು ಮಾಡಿದಷ್ಟೂ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ. ಪುಡಿ ಕುಡಿದು ನೋಡೋಣ ಅಂತ ಆರು ತಿಂಗಳು ಕಳೆದರೆ ಆ ಆರು ತಿಂಗಳು ಮತ್ತೆ ಸಿಗುವುದಿಲ್ಲ. ದಯವಿಟ್ಟು ಈ ವಾರವೇ ಜಿಲ್ಲಾ ಆಸ್ಪತ್ರೆಗಾದರೂ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಕೊಲಾಜನ್. ಅದೊಂದು ಪ್ರೋಟೀನ್. ಬೇಳೆಯ ಪ್ರೋಟೀನಿನ ಹಾಗೆಯೇ ಹೊಟ್ಟೆಯ ಆಮ್ಲ, ಕರುಳಿನ ರಸ ಸೇರಿ ಅದನ್ನೂ ಒಡೆದು ಅಮೈನೋ ಆಮ್ಲಗಳಾಗಿ ಮಾಡುತ್ತವೆ. ಎರಡು ಮೂರು ಅಮೈನೋ ಆಮ್ಲ ಸೇರಿದ ಚಿಕ್ಕ ತುಂಡುಗಳು ಮಾತ್ರ ಹಾಗೇ ರಕ್ತಕ್ಕೆ ಸೇರುತ್ತವೆ. ಅವು ಕೀಲಿಗೆ ಏನೋ ಸೂಚನೆ ಕೊಡುತ್ತವೆ ಎಂಬ ವಾದ ಇದೆ, ಸ್ವಲ್ಪ ಉಪಯೋಗ ಕಂಡ ಚಿಕ್ಕ ಪರೀಕ್ಷೆಗಳೂ ಇವೆ. ಆದರೆ ಕುಡಿದ ಕೊಲಾಜನ್ ಹೋಗಿ ಮಂಡಿಯ ಕೊಲಾಜನ್ ಆಗಿ ಕೂರುವುದಿಲ್ಲ. ರಕ್ತಕ್ಕೆ ಬಂದ ಅಮೈನೋ ಆಮ್ಲವನ್ನು ದೇಹ ತನಗೆ ಬೇಕಾದ ಕಡೆ ಬಳಸುತ್ತದೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಅಲ್ಲ.

ನಿಮಗೆ ಮುಖ್ಯವಾದದ್ದು ಇನ್ನೊಂದಿದೆ. ಕೊಲಾಜನ್ ಗಿಡದಲ್ಲಿ ಇರುವುದೇ ಇಲ್ಲ. ಮೀನು, ದನ, ಹಂದಿ, ಕೋಳಿ, ಇವುಗಳ ಚರ್ಮ, ಮೂಳೆ, ಕಾರ್ಟಿಲೇಜಿನಿಂದಲೇ ಬರಬೇಕು. ಡಬ್ಬಿಯ ಮೇಲೆ ಕಂದು ಬಣ್ಣದ ತ್ರಿಕೋನ ಇದ್ದರೆ ಅದು ಮಾಂಸಾಹಾರ. ಹಸಿರು ಚುಕ್ಕಿ ಇದ್ದರೆ ಅದರಲ್ಲಿ ಕೊಲಾಜನ್ ಇರುವುದಿಲ್ಲ, ವಿಟಮಿನ್ ಸಿ, ಅಮೈನೋ ಆಮ್ಲ ಇಂಥವು ಇರುತ್ತವೆ. ಎಷ್ಟೋ ಮಾತ್ರೆಗಳ ಕ್ಯಾಪ್ಸೂಲ್ ಹೊದಿಕೆಯೂ ಪ್ರಾಣಿಜನ್ಯ ಜೆಲಾಟಿನ್. ಕೊಳ್ಳುವ ಮುಂಚೆಯೇ ಮಗಳ ಜೊತೆ ಕೂತು ಆ ಚಿಹ್ನೆ ನೋಡಿ. ಮಗಳಿಗೆ ನಿಮ್ಮ ಮೇಲಿರುವ ಕಾಳಜಿ ದೊಡ್ಡದು, ಆ ದುಡ್ಡನ್ನು ಮೊದಲು ರಕ್ತ ಪರೀಕ್ಷೆಗೆ ಹಾಕಲಿ.

ಪ್ರಶ್ನೆ: ಅರಿಶಿನಕ್ಕೆ ಮೆಣಸಿನ ಪುಡಿ ಸೇರಿಸಿ ಹಾಲಲ್ಲಿ ಕುಡಿದರೆ ಕೀಲುನೋವಿಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ಮೆಣಸು ಯಾಕೆ? ಕರ್ಕ್ಯುಮಿನ್ ಕ್ಯಾಪ್ಸೂಲ್ ಇದಕ್ಕಿಂತ ಒಳ್ಳೇದಾ?
— ಗೌರಿಬಿದನೂರು

ಉತ್ತರ: ಮೆಣಸಿನ ಕಥೆಯ ಒಂದು ಮುಖ್ಯ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗ. ಆರೋಗ್ಯವಂತರಿಗೆ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ ಕೊಟ್ಟು ರಕ್ತ ನೋಡಿದರೆ ಅದರಲ್ಲಿ ಹೆಚ್ಚುಕಮ್ಮಿ ಏನೂ ಕಾಣಲಿಲ್ಲ. ಅದರ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚಾಯಿತು. ಇವತ್ತು ಪ್ರಪಂಚದ ಎಲ್ಲ ಕಡೆ ಅರಿಶಿನದ ಕ್ಯಾಪ್ಸೂಲಿನ ಮೇಲೆ ಕಾಣುವ ‘2000’ ಈ ಪ್ರಯೋಗದ್ದೇ.

ಆದರೆ ಏನೂ ಇಲ್ಲದ್ದು ಇಪ್ಪತ್ತು ಪಟ್ಟಾದರೂ ಸ್ವಲ್ಪವೇ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕರುಳಿನ ಗೋಡೆ ಮತ್ತು ಲಿವರ್ ಅದಕ್ಕೆ ಬೇರೊಂದು ಕಣ ಅಂಟಿಸಿ ಬೇಗ ಹೊರಗೆ ಕಳಿಸಿಬಿಡುತ್ತವೆ. ಪೈಪರಿನ್ ಮಾಡುವುದು ಈ ಅಂಟಿಸುವ ಕೆಲಸವನ್ನು ಸ್ವಲ್ಪ ಹೊತ್ತು ತಡೆಯುವುದು. ಇದರಲ್ಲಿ ಒಂದು ಅಪಾಯವೂ ಇದೆ. ಅದು ಅರಿಶಿನಕ್ಕೆ ಮಾತ್ರ ದಾರಿ ಬಿಡುವುದಿಲ್ಲ, ನೀವು ತಗೊಳ್ಳುವ ಬೇರೆ ಮಾತ್ರೆಗಳಿಗೂ ಬಿಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವು ರಕ್ತದಲ್ಲಿ ಏರಿದ್ದು ದಾಖಲಾಗಿದೆ. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಡಿ. ದಿನಾ ಪೈಪರಿನ್ ಕ್ಯಾಪ್ಸೂಲ್ ನುಂಗುವವರು ಮಾತ್ರ ಡಾಕ್ಟರಿಗೆ ಹೇಳಲೇಬೇಕು.

ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3ರ ಆಸುಪಾಸು. ಅರ್ಧ ಚಮಚಕ್ಕೆ ಐವತ್ತು ಮಿಲಿಗ್ರಾಂ ಸಹ ಬರಲಿಕ್ಕಿಲ್ಲ. ಮಂಡಿನೋವಿನ ಪರೀಕ್ಷೆಗಳಲ್ಲಿ ಕೊಟ್ಟದ್ದು ಅದರ ಹತ್ತಿಪ್ಪತ್ತು ಪಟ್ಟು. ಹಾಗಾಗಿ ಅರಿಶಿನದ ಹಾಲು ರುಚಿಗೆ, ಅಭ್ಯಾಸಕ್ಕೆ ಕುಡಿಯಿರಿ, ತುಂಬಾ ಒಳ್ಳೆಯದು, ಮಂಡಿಗೆ ಔಷಧ ಅಂತ ಅಲ್ಲ. ಕ್ಯಾಪ್ಸೂಲಿನಿಂದ ಕೆಲವರಿಗೆ ನೋವು ಸ್ವಲ್ಪ ಇಳಿಯುತ್ತದೆ. ಆದರೆ ಚೆನ್ನಾಗಿ ಒಳಕ್ಕೆ ಸೇರುವಂತೆ ಮಾಡಿದ ಈ ಹೊಸ ಕ್ಯಾಪ್ಸೂಲುಗಳಿಂದಲೇ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ಬೇರೆ ಬೇರೆ ದೇಶಗಳಲ್ಲಿ ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಪಿತ್ತಕೋಶದಲ್ಲಿ ಕಲ್ಲಿರುವವರು ಇದರ ತಂಟೆಗೆ ಹೋಗಬೇಡಿ.

ಶಲ್ಲಕಿಯ (ಒಂದು ಮರದ ಅಂಟಿನಿಂದ ಮಾಡುವ ಆಯುರ್ವೇದ ಔಷಧ) ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಅದೂ ಜಿಡ್ಡಿನ ಜೊತೆ ಹೋಗುವಂಥದ್ದು. ಖಾಲಿ ಹೊಟ್ಟೆಗಿಂತ ಊಟದ ಜೊತೆ ತಗೊಂಡಾಗ ರಕ್ತಕ್ಕೆ ಎಷ್ಟೋ ಹೆಚ್ಚು ಸೇರುತ್ತದೆ.

ಪ್ರಶ್ನೆ: ನಮ್ಮ ಊರಲ್ಲಿ ನಲವತ್ತು ದಾಟಿದವರಿಗೆಲ್ಲ ಮಂಡಿ, ಸೊಂಟ, ಕತ್ತು ನೋವು. ಬಗ್ಗೋಕೆ ಆಗಲ್ಲ, ತಿರುಗೋಕೆ ಆಗಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಮೆಡಿಕಲ್ ಸ್ಟೋರಿಂದ ಕೀಲಿನ ಮಾತ್ರೆ ತಂದು ಎಲ್ಲರೂ ನುಂಗ್ತಾ ಇದ್ದಾರೆ. ಯಾರಿಗೂ ಕಮ್ಮಿ ಆಗಿಲ್ಲ. ಯಾಕೆ?
— ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಬ್ಬರಿಗೆ ನೋವಿದ್ದರೆ ಮಂಡಿ ನೋಡಬೇಕು, ಊರಿಗೆಲ್ಲ ನೋವಿದ್ದರೆ ನೀರು ನೋಡಬೇಕು. ಮಕ್ಕಳ ಹಲ್ಲಿನ ಕಲೆ ನೀವು ಬರೆದಿರುವುದರಲ್ಲಿ ಬಹಳ ದೊಡ್ಡ ಸುಳಿವು. ಇದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಜಾಸ್ತಿಯಾಗಿ ಬರುವ ಕಾಯಿಲೆ, ಇರುವ ಸಾಧ್ಯತೆ ತುಂಬಾ ಇದೆ.

ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು, ಈ ಕಡೆಯೆಲ್ಲ ನೆಲದಡಿಯ ಬಂಡೆಯಲ್ಲೇ ಫ್ಲೋರೈಡ್ ಇದೆ. ಬೋರ್‌ವೆಲ್ ನೀರು ವರ್ಷಗಟ್ಟಲೆ ಆ ಬಂಡೆಯ ಸಂದಿಯಲ್ಲಿ ನಿಂತು ಅದನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5 ತನಕ. ಇದು ನಮ್ಮ ದೇಶದ ಮಾನದಂಡ.

ಈಗ ಮೇಷ್ಟ್ರಿಗೆ ಹೇಳಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಸಾವಿರ ರೂಪಾಯಿ ಕೊಟ್ಟ ಮಾತ್ರೆ ಕೀಲಿಗೆ ತಲುಪಲು ಇಷ್ಟೆಲ್ಲ ಒದ್ದಾಡುತ್ತದೆ. ಬಿಟ್ಟಿ ಸಿಗುವ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಯಾವ ಅಡ್ಡಿಯೂ ಇಲ್ಲ. ಹೊಟ್ಟೆಯಿಂದಲೇ ಒಳಕ್ಕೆ ಹೋಗಲು ಶುರುವಾಗುತ್ತದೆ, ನೀರಿನಲ್ಲಿ ಕರಗಿದ ಫ್ಲೋರೈಡಿನ ಬಹುಪಾಲು ರಕ್ತಕ್ಕೆ ಸೇರುತ್ತದೆ. ಒಂದು ಭಾಗ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ನೇರವಾಗಿ ಮೂಳೆಗೆ ಹೋಗಿ ಕೂರುತ್ತದೆ. ಕೂತರೆ ವರ್ಷಗಟ್ಟಲೆ ಏಳುವುದಿಲ್ಲ. ಕೀಲಿನ ಸುತ್ತಲಿನ ನಾರುಗಳೂ ಗಟ್ಟಿಯಾಗುತ್ತಾ ಹೋಗುತ್ತವೆ. ಕತ್ತು ತಿರುಗದೆ ಇರುವುದು, ಸೊಂಟ ಬಗ್ಗದೆ ಇರುವುದು ಇದರಿಂದಲೇ. ಇದಕ್ಕೆ ಗ್ಲುಕೋಸಮೈನ್ ಏನು ಮಾಡೀತು? ಮೂಳೆಗೆ ಸೇರಿದ್ದನ್ನು ತೆಗೆಯುವ ಮಾತ್ರೆ ಯಾವುದೂ ಇಲ್ಲ. ಇನ್ನು ಮುಂದೆ ಸೇರದ ಹಾಗೆ ಮಾಡುವುದೊಂದೇ ದಾರಿ.

ಊರಿನವರೆಲ್ಲ ಒಟ್ಟಾಗಿ ಗ್ರಾಮ ಪಂಚಾಯಿತಿಗೆ ಬರೆದುಕೊಡಿ, ಯಾವ ಯಾವ ಬೋರ್‌ವೆಲ್‌ನಿಂದ ಮನೆಗೆ ನೀರು ಬರುತ್ತದೋ ಅದನ್ನೆಲ್ಲ ಪರೀಕ್ಷೆ ಮಾಡಿಸಲಿ. ಕುಡಿಯುವ ನೀರು ಪರೀಕ್ಷಿಸಲು ಜಿಲ್ಲೆಯಲ್ಲಿ ಸರ್ಕಾರದ ಪ್ರಯೋಗಾಲಯ ಇದೆ. ಫ್ಲೋರೋಸಿಸ್ ತಡೆಗೆ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದು 2008ರ ಸುಮಾರಿನಿಂದ ಇದೆ, ಮೂತ್ರದ ಫ್ಲೋರೈಡ್ ಪರೀಕ್ಷೆಯೂ ಅದರಲ್ಲಿ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಮುಂಗೈಯ ಎಕ್ಸ್‌ರೇ ತೆಗೆದರೂ ಎಷ್ಟೋ ಸಲ ಗುರುತು ಸಿಗುತ್ತದೆ.

ಮನೆಯ ಹೆಂಗಸರಿಗೆ ಒಂದು ಮಾತು, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯಲು ಮಾತ್ರ ಇಟ್ಟು, ಮುದ್ದೆಗೆ, ಅನ್ನಕ್ಕೆ, ಸಾರಿಗೆ ಬೋರ್‌ವೆಲ್ ನೀರು ಹಾಕುತ್ತಾರೆ. ಮುದ್ದೆಯ ಎಸರು ಅಷ್ಟೂ ಹೊಟ್ಟೆಗೇ ತಾನೇ ಹೋಗುವುದು? ಅಡುಗೆಗೂ ಆ ಕ್ಯಾನಿನ ನೀರೇ ಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಊಟದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಕರುಳಿನಲ್ಲೇ ಅದು ಫ್ಲೋರೈಡನ್ನು ಹಿಡಿದುಕೊಂಡು ಸ್ವಲ್ಪ ಹೊರಗೆ ಒಯ್ಯುತ್ತದೆ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಸುಮಾರು ಕ್ಯಾಲ್ಸಿಯಂ ಇದೆ. ಮಕ್ಕಳಿಗೆ ಹಾಲು, ಮೊಸರು, ನುಗ್ಗೆಸೊಪ್ಪು ಕೊಡಿ. ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಬರೀ ಟೀ ಕೊಡುವುದು ಬೇಡ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ.

ಪ್ರಶ್ನೆ: ನಮ್ಮ ಮಾವನವರಿಗೆ 70. ಹಾರ್ಟ್ ವಾಲ್ವ್ ಆಪರೇಷನ್ ಆಗಿ ವಾರ್ಫರಿನ್ ತಗೊಳ್ತಾರೆ. ಥೈರಾಯ್ಡ್ ಮಾತ್ರೆಯೂ ಇದೆ. ಮಂಡಿನೋವಿಗೆ ನೆಂಟರು ಗ್ಲುಕೋಸಮೈನ್, ಕ್ಯಾಲ್ಸಿಯಂ ತಂದುಕೊಟ್ಟಿದ್ದಾರೆ. ಎಲ್ಲಾ ಒಟ್ಟಿಗೆ ಬೆಳಗ್ಗೆ ಕೊಡಬಹುದಾ?
— ಚಿಂತಾಮಣಿ

ಉತ್ತರ: ಕೊಡಬೇಡಿ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಗ್ಲುಕೋಸಮೈನ್ ಸೇರಿದಾಗ ಅದರ ಪ್ರಭಾವ ಏರಿ ರಕ್ತ ಅತಿಯಾಗಿ ತೆಳುವಾದ ಪ್ರಕರಣಗಳಿವೆ. ವಾಲ್ವ್ ಹಾಕಿಸಿಕೊಂಡವರ ವಿಷಯದಲ್ಲಿ ಆ ರಿಸ್ಕ್ ಬೇಡವೇ ಬೇಡ. ಈಗಾಗಲೇ ಕೊಟ್ಟಿದ್ದರೆ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಮಾಡಿಸಿ. ಅರಿಶಿನದ ಕ್ಯಾಪ್ಸೂಲ್, ಮೀನೆಣ್ಣೆ ಕ್ಯಾಪ್ಸೂಲ್ ಕೂಡ ಅವರನ್ನು ಕೇಳದೆ ಕೊಡಬಾರದು.

ಕ್ಯಾಲ್ಸಿಯಂ ಕೊಡಬಹುದು, ಡಾಕ್ಟರು ಹೇಳಿದ್ದರೆ. ಆದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಎರಡೂ ಒಟ್ಟಿಗೆ ಹೋದರೆ ಕರುಳಿನಲ್ಲಿ ಅಂಟಿಕೊಂಡು ಥೈರಾಯ್ಡ್ ಮಾತ್ರೆ ಒಳಕ್ಕೆ ಸೇರುವುದಿಲ್ಲ. ಕಬ್ಬಿಣದ ಮಾತ್ರೆಗೂ ಇದೇ ಮಾತು. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಕೊಟ್ಟರೆ ಕರುಳು ಹೀರಿಕೊಳ್ಳುವ ಪ್ರಮಾಣ ಇಳಿಯುತ್ತದೆ. ವಿಟಮಿನ್ ಡಿ ಇದ್ದರೆ ತುಪ್ಪ ಎಣ್ಣೆ ಇರುವ ಊಟದ ಜೊತೆಗೇ ಇರಲಿ.

ಸೀಗಡಿ, ಏಡಿ ತಿಂದರೆ ಮೈ ಕಡಿತ, ಊತ ಬರುವವರೂ ಗ್ಲುಕೋಸಮೈನ್‌ನಿಂದ ದೂರ ಇರುವುದು ಒಳ್ಳೆಯದು.

ಪ್ರಶ್ನೆ: ಇಲ್ಲಿ ಒಬ್ಬರು ಪೊಟ್ಟಣ ಕಟ್ಟಿ ಪುಡಿ ಕೊಡ್ತಾರೆ. ಎರಡೇ ದಿನದಲ್ಲಿ ಅಮ್ಮನ ಮಂಡಿನೋವು ಮಾಯ! ಒಂದು ವರ್ಷದಿಂದ ತಗೊಳ್ತಿದ್ದಾರೆ. ಈಗ ಮುಖ ಊದಿದೆ, ಶುಗರ್ ಬಂದಿದೆ. ಪುಡಿ ಇವತ್ತೇ ನಿಲ್ಲಿಸಲಾ?
— ಬಂಗಾರಪೇಟೆ

ಉತ್ತರ: ತಕ್ಷಣ ನಿಲ್ಲಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇವತ್ತೇ. ಸವೆದ ಮಂಡಿಯ ನೋವನ್ನು ಎರಡು ದಿನದಲ್ಲಿ ಮಾಯ ಮಾಡುವ ಬೇರು, ಸೊಪ್ಪು ಯಾವುದೂ ನನಗೆ ಗೊತ್ತಿಲ್ಲ. ಅಷ್ಟು ಬೇಗ ನೋವು ಇಳಿದು, ಮುಖ ಊದಿ, ಶುಗರ್ ಬಂದಿದೆ ಎಂದರೆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಬಲವಾಗಿದೆ. ಸ್ಟೀರಾಯ್ಡ್ ಬಾಯಿಂದ ಹೋದರೂ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಅಷ್ಟು ಬೇಗ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಹೊರಗಿನಿಂದ ಸಿಕ್ಕಿದಾಗ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡಾಕ್ಟರ ಕೈಯಲ್ಲಿ ನಿಧಾನವಾಗಿ ಇಳಿಸಬೇಕು. ಉಳಿದ ಪೊಟ್ಟಣ ಎಸೆಯಬೇಡಿ, ಜೊತೆಗೆ ಒಯ್ಯಿರಿ.

ಆಯುರ್ವೇದವೇ ಬೇಕೆನಿಸಿದರೆ ಓದಿದ ವೈದ್ಯರ ಹತ್ತಿರ ಹೋಗಿ. ಹೆಸರು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರುವ ಔಷಧ ಮಾತ್ರ ತಗೊಳ್ಳಿ.

ಪ್ರಶ್ನೆ: ನುಂಗೋದಕ್ಕಿಂತ ಹಚ್ಚೋದೇ ವಾಸಿ ಅಂತಾರಲ್ಲ. ಚರ್ಮದ ಮೇಲೆ ಹಚ್ಚಿದ ಮುಲಾಮು ಮಂಡಿ ಒಳಗೆ ಇಳಿಯುತ್ತಾ? ನನಗೆ ಗ್ಯಾಸ್ಟ್ರಿಕ್ ಇದೆ, ಬಿಪಿ ಇದೆ.
— ಚಿಕ್ಕಬಳ್ಳಾಪುರ

ಉತ್ತರ: ಎಲ್ಲ ಮುಲಾಮೂ ಅಲ್ಲ. ಬರೀ ತಣ್ಣಗೆ, ಬಿಸಿ ಅನಿಸುವಂಥವು ಚರ್ಮಕ್ಕೆ ಹಿತ ಕೊಡುತ್ತವೆ, ಅಷ್ಟೇ. ಡೈಕ್ಲೋಫೆನಾಕ್ ಜೆಲ್ ಮಾತ್ರ ಬೇರೆ. ಅದು ಚರ್ಮ ದಾಟಿ ಕೆಳಗಿನ ಅಂಗಾಂಶಕ್ಕೆ ಇಳಿಯುತ್ತದೆ. ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವುದಕ್ಕೆ ಹೋಲಿಸಿದರೆ ಜೆಲ್‌ನಿಂದ ಸೇರುವುದು ನೂರಕ್ಕೆ 6ರ ಸುಮಾರು. ಹಾಗಾಗಿ ಹೊಟ್ಟೆಗೆ, ಕಿಡ್ನಿಗೆ, ಬಿಪಿಗೆ ತೊಂದರೆ ಬಹಳ ಕಡಿಮೆ. ನಾನು ಮೇಲೆ ಹೇಳಿದ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಗಟ್ಟಿಯಾಗಿ ಶಿಫಾರಸು ಮಾಡಿರುವ ಔಷಧಗಳಲ್ಲಿ ಇಂಥ ಹಚ್ಚುವ ಔಷಧವೂ ಇದೆ. ಅಂಗಡಿಯವರು ಇದನ್ನು ಮುಂದೆ ಇಡುವುದು ಕಡಿಮೆ, ಯಾಕೆಂದರೆ ಟ್ಯೂಬಿನ ಬೆಲೆ ಕಡಿಮೆ.

ಎಷ್ಟೋ ಜನ ಕಡಲೆಕಾಳಿನಷ್ಟು ಸವರಿ ‘ಏನೂ ಆಗಲಿಲ್ಲ’ ಅನ್ನುತ್ತಾರೆ. ಮಂಡಿ ದೊಡ್ಡ ಕೀಲು, ಅದರ ಸುತ್ತಲೂ, ಮುಂದೆ, ಪಕ್ಕ, ಹಿಂದೆ, ಬರುವಷ್ಟು ಹಚ್ಚಬೇಕು. ದಿನಕ್ಕೆ ಎಷ್ಟು ಸಲ ಎಂದು ಟ್ಯೂಬಿನ ಜೊತೆಗಿನ ಚೀಟಿಯಲ್ಲಿರುತ್ತದೆ, ಅದರಂತೆ ಎರಡು ವಾರ ಬಿಡದೆ ಹಚ್ಚಿ ನೋಡಿ. ಗಾಯ ಇದ್ದ ಕಡೆ ಬೇಡ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಕೈ ತೊಳೆದುಕೊಳ್ಳದೆ ಕಣ್ಣು ಮುಟ್ಟಬೇಡಿ. ಬಿಪಿ ಇರುವುದರಿಂದ ಜೆಲ್ ಹಚ್ಚುತ್ತಲೇ ಅದೇ ಡೈಕ್ಲೋಫೆನಾಕ್ ಮಾತ್ರೆಯನ್ನೂ ನುಂಗುವುದು ಬೇಡ.